ಅಬ್ಲೇಷನ್ ಆಗಿ ಮನೆಗೆ ಬಂದ್ಮೇಲೆ ಶುರುವಾದ ತಾಪತ್ರಯ: ನಿಮಗೇನಾಯ್ತು, ಏನ್ ಮಾಡಿದ್ರಿ?

ಸಾಗರದ ಅಡಿಕೆ

ಎಲ್ರಿಗೂ ನಮಸ್ಕಾರ. ವಯಸ್ಸು 58, ಸಾಗರದ ಹತ್ರ ತೋಟ. ಮೂರು ವರ್ಷದಿಂದ ಏಟ್ರಿಯಲ್ ಫಿಬ್ರಿಲೇಷನ್ (ಎಎಫ್), ಅಂದ್ರೆ ಹೃದಯ ತಾಳ ತಪ್ಪಿ ಬಡಿಯೋ ಕಾಯಿಲೆ. ಒಂದು ಮಾತ್ರೆ ಹಿಡಿಲಿಲ್ಲ, ಇನ್ನೊಂದು ಹಿಡೀತು ಆದ್ರೆ ಥೈರಾಯ್ಡ್ ಕೆಡಿಸಿ ಕೂತ್ಕೊಳ್ತು, ಕೊನೆಗೆ ಬೆಂಗಳೂರಲ್ಲಿ ಅಬ್ಲೇಷನ್ ಮಾಡಿಸ್ಕೊಂಡೆ, ಅಂದ್ರೆ ತೊಡೆಸಂದಿಂದ ನಳಿಕೆ ತೂರಿಸಿ ಹೃದಯದೊಳಗೆ ತಾಳ ತಪ್ಪಿಸೋ ಜಾಗ ಸುಡೋದು. ಒಳಗಡೆ ಎಲ್ಲಾ ಚೆನ್ನಾಗೇ ಆಯ್ತಂತೆ, ಮಾರನೇ ದಿನ ಮಧ್ಯಾಹ್ನ ಡಿಸ್ಚಾರ್ಜ್, ಇನ್ನೊಂದಿನ ತಂಗಿ ಮನೇಲಿದ್ದು ರಾತ್ರಿ ರೈಲಿಗೆ ಊರಿಗೆ ಬಂದೆ.

ಅವರು ಹೇಳಿ ಕಳ್ಸಿದ್ದು "ಒಂದು ವಾರ ಭಾರ ಎತ್ಬೇಡಿ" ಅಂತ. ನಾನು ಭಾರ ಎತ್ಲಿಲ್ಲ. ಆದ್ರೆ ನಮ್ಮನೆ ಪಾಯಖಾನೆ ಅಪ್ಪಯ್ಯನ ಕಾಲದ್ದು, ಕುಕ್ಕರುಗಾಲಲ್ಲೇ ಕೂರ್ಬೇಕು, ಅದ್ರ ಬಗ್ಗೆ ಯಾರೂ ಏನೂ ಹೇಳಿರ್ಲಿಲ್ಲ ನನಗೂ ಕೇಳ್ಬೇಕು ಅಂತ ಹೊಳೀಲಿಲ್ಲ. ನಾಲ್ಕನೇ ದಿನ ಬೆಳಿಗ್ಗೆ ಎದ್ದು ನಿಲ್ಲುವಾಗ ಬಲ ತೊಡೆಸಂದಲ್ಲಿ ಏನೋ ಚುಳ್ ಅಂತು. ಸಾಯಂಕಾಲದ ಹೊತ್ತಿಗೆ ನಿಂಬೆಹಣ್ಣಿನಷ್ಟು ಗಂಟು. ಅದ್ರ ಮೇಲೆ ಬೆರಳಿಟ್ರೆ ಅದೂ ಬಡೀತಿದೆ, ನಾಡಿ ಥರ ಡುಬು ಡುಬು ಅಂತ. ತೊಡೆ ಒಳಭಾಗ ಮೊಣಕಾಲಿನ ತನಕ ನೇರಳೆ ಹಣ್ಣು ಹಿಂಡಿದ ಬಣ್ಣ. ಹೆಂಡ್ತಿ ನೋಡಿ ಅಳಕ್ಕೇ ಶುರು ಮಾಡಿದ್ಲು.

ಆಸ್ಪತ್ರೆ ನಂಬರಿಗೆ ಫೋನ್ ಮಾಡಿದ್ರೆ "ಹತ್ರದ ಡಾಕ್ಟ್ರಿಗೆ ತೋರ್ಸಿ" ಅಂದ್ರು. ಹತ್ರದ ಡಾಕ್ಟ್ರು ಹರ್ನಿಯಾ ಇರ್ಬಹುದು ಅಂದ್ರು. ಅವರ ತಪ್ಪಿಲ್ಲ ಬಿಡಿ, ನಾನು ಹೋಗಿ "ಇಲ್ಲೊಂದು ಗಂಟಾಗಿದೆ" ಅಂದೆನೇ ಹೊರತು ಅಬ್ಲೇಷನ್ ಅನ್ನೋ ಮಾತು ಹೇಳಿದ್ದು ಎದ್ದು ಹೊರಡುವಾಗ! ಹೇಳಿದ್ದೇ ತಡ ಅವರ ಮುಖ ಬದಲಾಯ್ತು. ಮಾರನೇ ದಿನ ಹುಲಿಕಲ್ ಘಾಟಿ ಇಳಿದು ಮಣಿಪಾಲಕ್ಕೆ, ಪ್ರತಿ ತಿರುವಿಗೂ ತೊಡೆಸಂದು ಒತ್ಕೊಂಡು ಕೂತಿದ್ದೆ. ಡಾಪ್ಲರ್ (ರಕ್ತ ಹರಿಯೋದು ತೋರ್ಸೋ ಸ್ಕ್ಯಾನಿಂಗ್) ಮಾಡಿದ್ರೆ ಸ್ಯೂಡೋಅನ್ಯೂರಿಸಂ ಅಂದ್ರು. ಅಂದ್ರೆ ಅಪಧಮನಿಗೆ ಸಣ್ಣ ತೂತು ಬಿದ್ದು ರಕ್ತ ಆಚೆ ಬಂದು ಅಲ್ಲೇ ಚೀಲ ಕಟ್ಕೊಂಡಿದೆ. ಮೊದ್ಲು ಸ್ಕ್ಯಾನಿಂಗ್ ಪ್ರೋಬ್ ಇಟ್ಟು 20 ನಿಮಿಷ ಒತ್ತಿ ಹಿಡಿದ್ರು, ಹಲ್ಲು ಕಚ್ಚಿ ತಡ್ಕೊಂಡೆ, ಮುಚ್ಲಿಲ್ಲ. ಆಮೇಲೆ ಸ್ಕ್ಯಾನಿಂಗಲ್ಲಿ ನೋಡ್ತಾ ನೋಡ್ತಾ ಆ ಚೀಲದೊಳಕ್ಕೆ ರಕ್ತ ಹೆಪ್ಪುಗಟ್ಟಿಸೋ ತ್ರಾಂಬಿನ್ ಇಂಜೆಕ್ಷನ್. ನಂಬ್ತೀರೋ ಇಲ್ವೋ, ಸ್ಕ್ರೀನಲ್ಲಿ ಕೆಂಪು ನೀಲಿ ಸುತ್ತಾಡ್ತಿದ್ದಿದ್ದು ನೋಡ್ತಿದ್ದಂಗೆ ಕಪ್ಪಾಯ್ತು, ಒಂದು ನಿಮಿಷವೂ ಆಗಿರ್ಲಿಕ್ಕಿಲ್ಲ.

ಈಗ ಆರಾಮು. ನನ್ನ ಪ್ರಶ್ನೆ ಇಷ್ಟೇ. ಆಸ್ಪತ್ರೇಲಿರುವಾಗ ಆಗೋ ತೊಂದ್ರೆ ಅವರೇ ನೋಡ್ಕೊಳ್ತಾರೆ. ಮನೆಗೆ ಬಂದ್ಮೇಲೆ ಆಗೋದು ನಮ್ಮ ತಲೆಮೇಲೆ. ನಿಮಗೆ ಏನೇನಾಗಿತ್ತು ಬರೀರಿ, ಮುಂದೆ ಮಾಡಿಸ್ಕೊಳ್ಳೋರಿಗೆ ಬೇಕಾಗತ್ತೆ.

ಮನೆಮದ್ದು ಮಂಜಣ್ಣ

ಗಂಟಿಗೆ ಹರಳೆಣ್ಣೆ ಬಿಸಿ ಮಾಡಿ ಮೇಲಿಂದ ಕೆಳಕ್ಕೆ ನೀವಿ, ಎಕ್ಕದ ಎಲೆ ಕಟ್ಟಿ. ಮೂರು ದಿನಕ್ಕೆ ಕರಗತ್ತೆ. ಸುಮ್ನೆ ದುಡ್ಡು ಕಳ್ಕೊಂಡ್ರಿ.

ಕ್ಯಾಥ್‌ಲ್ಯಾಬ್ ಅಕ್ಕ

ಮಂಜಣ್ಣ, ದಯವಿಟ್ಟು ಬೇಡ. ಅದು ಮಂಡಿ ಉಳುಕಲ್ಲ. ಅಪಧಮನಿ ತೂತಿನ ಮೇಲೆ ನೀವಿದ್ರೆ ಚೀಲ ಒಡೆದು ತೊಡೆಯೊಳಗೆ, ಹೊಟ್ಟೆ ಹಿಂಭಾಗಕ್ಕೆ ರಕ್ತ ಹರಿಯತ್ತೆ. ಹೊರಗೆ ಏನೂ ಕಾಣಲ್ಲ, ಸೊಂಟ ನೋವು, ತಲೆಸುತ್ತು, ಬಿಪಿ ಇಳಿಯೋದು ಅಷ್ಟೇ ಗೊತ್ತಾಗೋದು.

ನಾನು 14 ವರ್ಷದಿಂದ ಕ್ಯಾಥ್ ಲ್ಯಾಬ್ (ನಳಿಕೆ ಹಾಕಿ ಹೃದಯಕ್ಕೆ ಚಿಕಿತ್ಸೆ ಮಾಡೋ ಕೋಣೆ) ನರ್ಸ್, ಡಾಕ್ಟರ್ ಅಲ್ಲ, ಹಾಗಾಗಿ ನಾನು ಬರೆದಿದ್ದು ಓದಿ ಯಾರೂ ಮಾತ್ರೆ ಬದಲಾಯಿಸ್ಬೇಡಿ. ಅಡಿಕೆ ಅಣ್ಣ, ಎಎಫ್ ಅಬ್ಲೇಷನ್‌ಗೆ ನಾವು ಹೋಗೋದು ತೊಡೆಸಂದಿನ ಅಭಿಧಮನಿಯಿಂದ (ಹೃದಯಕ್ಕೆ ರಕ್ತ ವಾಪಸ್ ತರೋ ನಾಳ), ಸಾಮಾನ್ಯವಾಗಿ ಒಂದಕ್ಕಿಂತ ಹೆಚ್ಚು ನಳಿಕೆ ಹಾಕ್ತೀವಿ, ಕೆಲವು ಪೆನ್ನಿನಷ್ಟು ದಪ್ಪ ಇರ್ತವೆ. ಅಪಧಮನಿ ಅದ್ರ ಪಕ್ಕದಲ್ಲೇ ಇರೋದ್ರಿಂದ ಸೂಜಿ ಒಮ್ಮೊಮ್ಮೆ ತಾಗತ್ತೆ. ಅಬ್ಲೇಷನ್ನಲ್ಲಿ ಜಾಸ್ತಿ ಬರೋ ತೊಂದ್ರೆಗಳು ಇವೇ, ತೊಡೆಸಂದಿನವು. ಈಗ ಅಲ್ಟ್ರಾಸೌಂಡ್ ನೋಡ್ಕೊಂಡು ಚುಚ್ಚೋದ್ರಿಂದ ಕಮ್ಮಿ ಆಗಿದೆ.

ಬಣ್ಣ ನೋಡಿ ಹೆದರ್ಬೇಡಿ. ನೀಲಿ, ಆಮೇಲೆ ಹಸಿರು, ಆಮೇಲೆ ಅರಿಶಿನ ಬಣ್ಣ ಆಗಿ ಮೊಣಕಾಲಿನವರೆಗೆ ಇಳಿಯತ್ತೆ, ಅದು ಹಳೇ ರಕ್ತ ಕೆಳಗಿಳಿಯೋದು, ಎರಡು ಮೂರು ವಾರ ಇರತ್ತೆ. ಕಡಲೆಕಾಳಿನಷ್ಟು ಗಟ್ಟಿ ಗಂಟೂ ಸಾಮಾನ್ಯ. ಗಂಟು ಬೆಳೀತಿದ್ರೆ, ಬಡೀತಿದ್ರೆ, ಕಾಲು ತಣ್ಣಗಾದ್ರೆ ಅಥವಾ ಜೋಮು ಹಿಡಿದ್ರೆ ಅವತ್ತೇ ಹೋಗಿ. ರಕ್ತ ಸೋರಿದ್ರೆ ಮಲಗಿ, ಇನ್ನೊಬ್ರ ಕೈಲಿ ಚುಚ್ಚಿದ ಜಾಗದ ಮೇಲೆ ಗಟ್ಟಿಯಾಗಿ ಹತ್ತು ಹದಿನೈದು ನಿಮಿಷ ಒತ್ತಿಸಿ, ನಡುನಡುವೆ ಎತ್ತಿ ನೋಡೋ ಚಾಳಿ ಬೇಡ. ನಿಲ್ಲಲಿಲ್ಲ ಅಂದ್ರೆ ಒತ್ಕೊಂಡೇ ಹೊರಡಿ.

ಕುಕ್ಕರುಗಾಲಿನ ವಿಷಯ ನೀವು ಹೇಳಿದ್ದು ನೂರಕ್ಕೆ ನೂರು ನಿಜ. ನಮ್ಮ ಛಾಪಿಸಿದ ಹಾಳೆಗಳೆಲ್ಲ ಕಮೋಡ್ ಇರೋ ಮನೆಯವರಿಗೆ ಬರೆದಿದ್ದು. ನಾನಂತೂ ಈಗ ಎಲ್ರಿಗೂ ಮೊದಲ ಪ್ರಶ್ನೆ ಅದೇ ಕೇಳ್ತೀನಿ, ಮನೇಲಿ ಎಂಥ ಟಾಯ್ಲೆಟ್ಟು, ಊಟ ನೆಲದ ಮೇಲೋ ಟೇಬಲ್ ಮೇಲೋ ಅಂತ. ಕೆಮ್ಮು ಸೀನು ಬಂದಾಗ ತೊಡೆಸಂದು ಒತ್ತಿ ಹಿಡ್ಕೊಳ್ಳಿ, ಮುಕ್ಕಿ ಕೂರೋ ಹಾಗೆ ಮಲಬದ್ಧತೆ ಆಗೋಕೆ ಬಿಡ್ಬೇಡಿ.

ಸಾಗರದ ಅಡಿಕೆ

ಗಂಟು ಬಂದಾಗ ರಕ್ತ ತೆಳು ಮಾಡೋ ಮಾತ್ರೆ ಒಂದಿನ ನಾನೇ ನಿಲ್ಸಿದ್ದೆ ಅಕ್ಕಾ, ಮಣಿಪಾಲದಲ್ಲಿ ಬೈಸ್ಕೊಂಡೆ.

ಕ್ಯಾಥ್‌ಲ್ಯಾಬ್ ಅಕ್ಕ

ಬೈದಿದ್ದು ಸರಿ. ಎಡ ಹೃತ್ಕರ್ಣದ (ಹೃದಯದ ಮೇಲಿನ ಎಡ ಕೋಣೆ) ಒಳಗೋಡೇಲಿ ಸುಟ್ಟ ಗಾಯ ಹಸಿಯಾಗಿರತ್ತೆ, ಅದ್ರ ಮೇಲೆ ರಕ್ತ ಹೆಪ್ಪುಗಟ್ಟಿ ಮಿದುಳಿಗೆ ಹೋದ್ರೆ ಸ್ಟ್ರೋಕ್. ಅದಕ್ಕೇ ಕಮ್ಮಿ ಅಂದ್ರೂ ಎರಡು ಮೂರು ತಿಂಗಳು ಮಾತ್ರೆ ತಪ್ಪಿಸಬಾರದು, ಬಡಿತ ಸರಿ ಇದ್ರೂ ಸಹ. ಅದಾದ್ಮೇಲೂ ಮುಂದುವರಿಸೋದಾ ಬೇಡ್ವಾ ಅನ್ನೋದು ಅಬ್ಲೇಷನ್ ಸಕ್ಸೆಸ್ ಆಯ್ತಾ ಅನ್ನೋದ್ರ ಮೇಲೆ ಅಲ್ಲ, ನಿಮ್ಮ ವಯಸ್ಸು, ಶುಗರ್, ಬಿಪಿ, ಹಿಂದೆ ಸ್ಟ್ರೋಕ್ ಆಗಿತ್ತಾ ಅನ್ನೋದ್ರ ಮೇಲೆ. ಬಾಯಿ ಸೊಟ್ಟ ಆಯ್ತು, ಕೈ ಎತ್ತಕ್ಕಾಗ್ತಿಲ್ಲ, ಮಾತು ತೊದಲ್ತಿದೆ ಅಂದ್ರೆ ಗಡಿಯಾರ ನೋಡಿ ಟೈಮ್ ಬರ್ಕೊಂಡು 108ಕ್ಕೆ ಮಾಡಿ. ಹೆಪ್ಪು ಕರಗಿಸೋ ಇಂಜೆಕ್ಷನ್ ನಾಲ್ಕೂವರೆ ಗಂಟೆ ಒಳಗೆ ಕೊಡ್ಬೇಕು, ಆದ್ರೆ ರಕ್ತ ತೆಳು ಮಾಡೋ ಮಾತ್ರೆ ಕೊನೇ ಸಲ ಎಷ್ಟೊತ್ತಿಗೆ ತಗೊಂಡ್ರಿ ಅನ್ನೋದೂ ಅಲ್ಲಿ ಕೇಳ್ತಾರೆ, ಅದನ್ನೂ ಬರ್ಕೊಂಡಿರಿ.

ರಾತ್ರಿಪಾಳಿ

41, ಸಾಫ್ಟ್‌ವೇರ್, ಬೆಂಗಳೂರು. ನನ್ನ ಕಥೆ ಚಿಕ್ಕದು. ಎರಡನೇ ರಾತ್ರಿ ಎದೆ ನೋವು, ಉಸಿರು ಎಳ್ಕೊಂಡ್ರೆ ಚಾಕು ಹಾಕ್ದಂಗೆ, ಅಂಗಾತ ಮಲಗಿದ್ರೆ ಜಾಸ್ತಿ, ಮುಂದಕ್ಕೆ ಬಾಗಿ ದಿಂಬು ತಬ್ಕೊಂಡು ಕೂತ್ರೆ ಕಮ್ಮಿ. ಹಾರ್ಟ್ ಅಟ್ಯಾಕ್ ಅಂತ ರಾತ್ರಿ 11ಕ್ಕೆ ಓಡಿದ್ವಿ. ಇಸಿಜಿ, ಎಕೋ ಮಾಡಿ ಪೆರಿಕಾರ್ಡೈಟಿಸ್ ಅಂದ್ರು, ಹೃದಯದ ಮೇಲಿನ ಪೊರೆ ಉರಿ ಎದ್ದಿರೋದು. ಕೋಲ್ಚಿಸಿನ್ ಕೊಟ್ರು, ನೋವು ಹೋಯ್ತು, ಲೂಸ್ ಮೋಷನ್ ಬಂತು 😅

ಆದ್ರೆ ಅದಕ್ಕಿಂತ ಮುಂಚೆ ಒಂದು ದಡ್ಡತನ ಮಾಡಿದ್ದೆ. ಮನೇಲಿ ಬೆನ್ನುನೋವಿಗೆ ಅಂತ ಇಟ್ಟಿದ್ದ ಪೇನ್‌ಕಿಲ್ಲರ್ ಎರಡು ನುಂಗಿದ್ದೆ. ರಕ್ತ ತೆಳು ಮಾಡೋ ಮಾತ್ರೆ ಜೊತೆ ಅದು ಹೊಟ್ಟೇಲಿ ರಕ್ತಸ್ರಾವ ಮಾಡ್ಸುತ್ತೆ ಅಂತ ಡ್ಯೂಟಿ ಡಾಕ್ಟರ್ ಹೇಳಿದ್ಮೇಲೆ ಗೊತ್ತಾಗಿದ್ದು. ಪ್ಯಾರಸಿಟಮಾಲ್ ಬಿಟ್ಟು ಬೇರೇನೂ ಕೇಳ್ದೆ ತಗೋಬೇಡಿ ಅಂದ್ರು.

ಮತ್ತೆ ಒಂದು ಡೌಟು, ಸುಮ್ನೆ ಕೂತಾಗ ನನ್ನ ಪಲ್ಸ್ ಮುಂಚೆ 62 ಇತ್ತು ಈಗ 80ರ ಮೇಲೆ. ವಾಚ್ ನೋಡಿ ನೋಡಿ ತಲೆ ಕೆಡ್ತಿದೆ. ಯಾರಿಗಾದ್ರೂ ಹಿಂಗಾಗಿದ್ಯಾ?

ಲೆಸ್ಟರ್ ಕನ್ನಡಿಗ

ನನಗೂ ಹಾಗೇ ಆಗಿತ್ತು ಗುರು. ಶ್ವಾಸಕೋಶದಿಂದ ಬರೋ ರಕ್ತನಾಳಗಳ ಬುಡದಲ್ಲಿ, ಹೃದಯದ ಮೇಲ್ಗಡೆ, ವೇಗಸ್ ನರದ ಗಂಟುಗಳು ಇರ್ತವಂತೆ, ಬಡಿತಕ್ಕೆ ಬ್ರೇಕ್ ಹಾಕೋ ನರ ಅದು. ಅಬ್ಲೇಷನ್ನಲ್ಲಿ ಅವಕ್ಕೂ ಪೆಟ್ಟು ತಾಗೋದ್ರಿಂದ ಬ್ರೇಕ್ ಸಡಿಲ ಆಗತ್ತೆ. ಹತ್ತು ಹದಿನೈದು ಬಡಿತ ಜಾಸ್ತಿ, ಆದ್ರೆ ತಾಳ ನೆಟ್ಟಗಿದ್ರೆ ಚಿಂತೆ ಇಲ್ಲ, ಕೆಲವು ತಿಂಗಳಲ್ಲಿ ಇಳಿಯತ್ತೆ. ನನಗೆ ಎಂಟು ತಿಂಗಳು ಹಿಡೀತು.

ಇನ್ನೊಂದು. ನಂಗೆ ಹತ್ತನೇ ದಿನಕ್ಕೆ ಮತ್ತೆ ಎಎಫ್ ಬಂತು. ಎಲ್ಲಾ ಹಾಳಾಯ್ತು ಅಂತ ಕೂತು ಅತ್ತಿದ್ದೀನಿ, ಸುಳ್ಳಲ್ಲ. ಶಾಕ್ ಕೊಟ್ಟು ಸರಿ ಮಾಡಿದ್ರು, ಆಮೇಲೆ ಬಂದಿಲ್ಲ. ಗಾಯ ಮಾಗೋವರೆಗೆ ಊತದಿಂದ ಹೀಗಾಗತ್ತೆ, ಮೊದಲು ಮೂರು ತಿಂಗಳು ಲೆಕ್ಕಕ್ಕಿಲ್ಲ ಅಂತಿದ್ರು, 2024ರಿಂದ ತಜ್ಞರು ಅದನ್ನ ಎರಡು ತಿಂಗಳಿಗೆ ಇಳಿಸಿದ್ದಾರೆ. ಲೆಕ್ಕಕ್ಕಿಲ್ಲ ಅಂದ್ರೆ ಅಬ್ಲೇಷನ್ ಫೇಲ್ ಅಂತ ಬರೆಯಲ್ಲ ಅಂತ ಅಷ್ಟೇ ಅರ್ಥ, ಬಡಿತ 140 ಹೋಗ್ತಿದ್ರೂ ಮನೇಲಿ ಮಲಗಿರಿ ಅಂತಲ್ಲ.

ಪುತ್ತೂರಿನ ಸೊಸೆ

ನಮ್ಮ ಮಾವನದ್ದು ಬೇರೆಯೇ ಉಂಟು. ಅವರಿಗೆ ಮಾಡಿದ್ದು ಸುಡುವ ಅಬ್ಲೇಷನ್ ಅಲ್ಲ, ಬಲೂನಿನಲ್ಲಿ ಮರಗಟ್ಟಿಸುವಂಥದ್ದು, ಕ್ರಯೋ. ಮಾವ ತಾಳಮದ್ದಳೆಯಲ್ಲಿ ಅರ್ಥ ಹೇಳುವವರು ಮಾರಾಯ್ರೆ, ಒಂದು ಉಸಿರಿಗೆ ಕಾಲು ಪುಟ ಮಾತಾಡುವ ಜನ. ಮನೆಗೆ ಬಂದು ಎರಡು ವಾರ ಆಗಿರ್ಬೇಕು, ಕರ್ಣಪರ್ವಕ್ಕೆ ಕೂತವರು ಕೃಷ್ಣನ ಎರಡನೇ ಮಾತಿಗೇ ನಿಂತುಬಿಟ್ರು. ಎದುರಿಗೆ ಕರ್ಣ ಕಾಯ್ತಾ ಇದ್ದಾನೆ, ಇವರಿಗೆ ಉಸಿರು ಇಲ್ಲ. ಭಾಗವತರು ಸುಧಾರಿಸಿ ಪದ ಎತ್ತಿದ್ರು.

ಎಲ್ಲರೂ ವಯಸ್ಸಾಯ್ತು, ಹೆದರಿಕೆ ಅಂತ ಹೇಳಿದ್ರು. ಮಲಗಿದ್ರೆ ಉಸಿರು ಕಟ್ಟುದು, ಮೆಟ್ಲು ಹತ್ತುವಾಗ ಕಟ್ಟುದು, ಎಕೋ ನೋಡಿದ್ರೆ ಸರಿ ಉಂಟು. ಕೊನೆಗೆ ಎದೆ ಎಕ್ಸ್‌ರೇ ತೆಗೆದಾಗ ಬಲಬದಿಯ ವಪೆ (ಎದೆ ಹೊಟ್ಟೆ ನಡುವಿನ ಉಸಿರಾಟದ ಸ್ನಾಯು) ಮೇಲೆ ಹೋಗಿ ಕೂತಿದೆ. ವಪೆಯನ್ನು ಆಡಿಸುವ ಫ್ರೆನಿಕ್ ನರ ಬಲಬದಿಯ ರಕ್ತನಾಳದ ಹತ್ತಿರವೇ ಹೋಗುವುದಂತೆ, ಅದಕ್ಕೆ ಶೀತ ತಾಗಿದೆ. ಮದ್ದು ಎಂತದ್ದೂ ಇಲ್ಲ, ಹೆಚ್ಚಿನವರಿಗೆ ತಿಂಗಳುಗಳಲ್ಲಿ ತಾನೇ ಸರಿಯಾಗ್ತದೆ, ಉಸಿರಾಟದ ವ್ಯಾಯಾಮ ಮಾಡಿ ಅಂತ ಹೇಳಿದ್ರು. ಏಳು ತಿಂಗಳು ಆಯ್ತು. ಈಗ ಪುನಃ ಮಾತು ನಿಲ್ಲಿಸುವುದೇ ಇಲ್ಲ, ಆ ಏಳು ತಿಂಗಳೇ ಒಳ್ಳೆಯದಿತ್ತು ಅಂತ ಅತ್ತೆ ಹೇಳುದು 😄

ಗದಗಿನ ಮೇಷ್ಟ್ರು

ನಮ್ಮ ತಮ್ಮಂದು ಹೇಳ್ತೀನ್ರಿ, ಸ್ವಲ್ಪ ಉದ್ದ ಐತಿ. ಅಂವಗ 49. ಅಬ್ಲೇಷನ್ ಆಗಿ ನಾಕ್ ತಿಂಗಳ ಆರಾಮ ಇದ್ದ, ಬಡಿತ ಎಲ್ಲಾ ಬರೋಬ್ಬರಿ, ನಾವೂ ಮರ್ತ ಬಿಟ್ಟಿದ್ವಿ. ಆಮ್ಯಾಲ ಒಣ ಕೆಮ್ಮ ಶುರು ಆತು, ಹೊಲಕ್ಕ ಹೋದ್ರ ತೇಕತಿದ್ದ, ಒಂದಿನ ಕೆಮ್ಮಿದಾಗ ಕರವಸ್ತ್ರದಾಗ ರಕ್ತ ಬಂತು. ಎಕ್ಸ್‌ರೇ ತಗಸಿದ್ರ ಒಂದ ಕಡೆ ಮಸುಕು ಐತಿ ಅಂದ್ರು, ಕಫ ಪರೀಕ್ಷಾದಾಗ ಏನೂ ಸಿಗಲಿಲ್ಲ, ಆದ್ರೂ ರಕ್ತ ಬಂದೈತಿ ಅಂದ್ಮ್ಯಾಲ ಟಿಬಿನ ಇರಬೇಕು ಅಂತ ಮಾತ್ರಿ ಚಾಲೂ ಮಾಡಿದ್ರು. ಯಾವ ದವಾಖಾನಿ ಅಂತ ಹೇಳೂದು ಬ್ಯಾಡ. ಎರಡ ತಿಂಗಳ ನುಂಗಿದ ನೋಡ್ರಿ, ಮೂತ್ರ ಕೆಂಪ, ಊಟ ಸೇರಂಗಿಲ್ಲ, ಮನ್ಯಾಗ ಅವನ ತಾಟು ಲೋಟಾ ಬ್ಯಾರೆ ಇಟ್ವಿ, ಮೊಮ್ಮಗನ್ನ ಹತ್ತರ ಬಿಡಲಿಲ್ಲ. ಅದನ್ನ ನೆನಸಿಕೊಂಡ್ರ ನನಗ ಇವತ್ತಿಗೂ ಹೊಟ್ಟಿ ಉರೀತೈತಿ.

ಕೆಮ್ಮು ಕಡಿಮಿ ಆಗ್ಲಿಲ್ಲ. ಹುಬ್ಬಳ್ಳಿಯೊಳಗ ಒಬ್ಬ ಸಣ್ಣ ವಯಸ್ಸಿನ ಡಾಕ್ಟ್ರು, ಇನ್ನೂ ಕಲಿಯಾಕತ್ತಿದ್ದ ಹುಡುಗಿ, ಎಲ್ಲಾ ಕೇಳಿ ಕಡೀಕ "ಕಾಕಾ, ಹಾರ್ಟಿಗೆ ಏನರ ಮಾಡ್ಸೀರೇನು?" ಅಂದ್ಲು. ಮಾಡ್ಸೀವಿ ಅಂದ್ವಿ. ಸಿಟಿ ಆಂಜಿಯೋ ಮಾಡಿದ್ರ ಶ್ವಾಸಕೋಶದಿಂದ ಹೃದಯಕ್ಕ ರಕ್ತ ತರೂ ನಾಳದಾಗ ಎರಡು ಸಂದಾಗಿ, ಅಂದ್ರ ಇಕ್ಕಟ್ಟಾಗಿ ಬಿಟ್ಟಿದ್ವು, ಒಂದಂತೂ ಎಳಿ ದಾರದಷ್ಟು. ಸುಟ್ಟ ಜಾಗಾ ಕಲೆಗಟ್ಟಿ ಬಿಗಿದುಕೊಂಡೈತಿ. ಬಲೂನ್ ಹಾಕಿ ಸ್ಟೆಂಟ್ ಹಾಕಿದ್ರು, ಟಿಬಿ ಮಾತ್ರಿ ಬಂದ್ ಮಾಡಿದ್ರು. ಈಗ ಆರಾಮ ಅದಾನ, ಮತ್ತ ಸಂದಾಗಬಹುದು ಅಂತ ಆಗಾಗ ಸ್ಕ್ಯಾನ್ ಮಾಡಸ್ತಾರ.

ಕೆಮ್ಮಿಗೆ ಹೋದಾಗ ಹಾರ್ಟಿನ ವಿಷಯ ಯಾರ ಹೇಳ್ತಾರ್ರಿ? ನಾವ ಹೇಳಲಿಲ್ಲ, ಅವರು ಕೇಳಲಿಲ್ಲ.

ರಾತ್ರಿಪಾಳಿ

ಮೇಷ್ಟ್ರೇ ಇದು ಓದಿ ಬೆವರು ಬಂತು. ಇಷ್ಟೆಲ್ಲಾ ಆಗೋದಾದ್ರೆ ಜನ ಯಾಕೆ ಮಾಡಿಸ್ಕೋಬೇಕು ಅನ್ನೋ ಪ್ರಶ್ನೆ ಬರತ್ತಲ್ವಾ?

ಲೆಸ್ಟರ್ ಕನ್ನಡಿಗ

ಇಲ್ಲಿ ಬರೀತಿರೋರು ತೊಂದ್ರೆ ಆದವರು ಮಾತ್ರ ಮಾರಾಯ. ಏನೂ ಆಗದೆ ತೋಟಕ್ಕೆ ಹೋದವ್ರು ಇಲ್ಲಿಗ್ಯಾಕೆ ಬರ್ತಾರೆ. ನನಗೆ ಎಎಫ್ ಇದ್ದಾಗ ಮಗಳ ಜೊತೆ ಬಸ್‌ಸ್ಟಾಪಿನವರೆಗೆ ನಡೆಯೋಕಾಗ್ತಿರ್ಲಿಲ್ಲ, ಅದೂ ಲೆಕ್ಕಕ್ಕೆ ಬರ್ಬೇಕು.

ಶ್ವಾಸಕೋಶದಿಂದ ಬರೋ ಈ ನಾಳಗಳ ಒಳಗಿಂದಲೇ ಎಎಫ್ ಕಿಡಿ ಹತ್ತೋದು ಅಂತ ಫ್ರಾನ್ಸಿನ ಬೋರ್ಡೋದ ಹೈಸಗೆರ್ ಅನ್ನೋ ಡಾಕ್ಟರ ತಂಡ 1998ರಲ್ಲಿ ತೋರಿಸ್ತು. ಮೊದಮೊದಲು ನಾಳದ ಒಳಗೇ ಸುಡ್ತಿದ್ರು, ಸಂದಾಗೋದು ಜಾಸ್ತಿ ಇತ್ತು, ಅದು ಗೊತ್ತಾದ್ಮೇಲೆ ನಾಳದ ಬಾಯಿಂದ ಆಚೆ, ಹೃತ್ಕರ್ಣದ ಕಡೆ ಸುಡೋಕೆ ಶುರು ಮಾಡಿದ್ರು, ಈಗ ಅಪರೂಪ. ನನಗೆ ಮಾಡಿದ್ದು ಹೊಸದು, ಪಲ್ಸ್‌ಡ್ ಫೀಲ್ಡ್. ಬಿಸೀನೂ ಅಲ್ಲ ತಣ್ಣಗೂ ಅಲ್ಲ, ಕರೆಂಟಿನ ಚಿಕ್ಕ ಚಿಕ್ಕ ಹೊಡೆತ, ಹೃದಯದ ಸ್ನಾಯು ಬೇಗ ಸಾಯತ್ತೆ, ಪಕ್ಕದ ಅನ್ನನಾಳ, ನರಗಳಿಗೆ ಪೆಟ್ಟು ಕಮ್ಮಿ. ಅಮೆರಿಕದಲ್ಲಿ 2023ರ ಡಿಸೆಂಬರಲ್ಲಿ ಮೊದಲನೇ ಪರ್ಮಿಷನ್ ಸಿಕ್ತು. ಹಾಗಂತ ಅದಕ್ಕೂ ಅದರದ್ದೇ ರಗಳೆ ಇದೆ. ಕೆಂಪು ರಕ್ತಕಣ ಒಡೆದು ಕಿಡ್ನಿಗೆ ಹೊರೆ ಆಗತ್ತೆ, ಮಾರನೇ ಬೆಳಿಗ್ಗೆ ನನ್ನ ಮೂತ್ರ ಬೀಟ್ರೂಟ್ ಸಾರಿನ ಬಣ್ಣ ಇತ್ತು. ಡ್ರಿಪ್ ಹಾಕಿ ಕ್ರಿಯಾಟಿನಿನ್ (ಕಿಡ್ನಿಯ ರಕ್ತಪರೀಕ್ಷೆ) ನೋಡಿ ಒಂದಿನ ಜಾಸ್ತಿ ಇಟ್ಕೊಂಡ್ರು.

ತುಮಕೂರಿನ ಮಗಳು (ಭಾನುವಾರ ರಾತ್ರಿ 9.40)

ಅರ್ಜೆಂಟ್, ಯಾರಾದ್ರೂ ಇದ್ರೆ ರಿಪ್ಲೈ ಮಾಡಿ. ಅಪ್ಪಂಗೆ 66. ಅಬ್ಲೇಷನ್ ಆಗಿ ಇವತ್ತಿಗೆ 19 ದಿನ. ನಿನ್ನೆಯಿಂದ ಜ್ವರ 101, ಮೈಕೈ ನೋವು, ಇವತ್ತು ಬೆಳಿಗ್ಗೆಯಿಂದ ನುಂಗಿದ್ರೆ ಎದೆ ನಡುವೆ ನೋವು ಅಂತಿದ್ದಾರೆ, ಮುದ್ದೆ ಬಿಟ್ಟು ಗಂಜಿ ಕುಡೀತಿದ್ದಾರೆ. ಕ್ಲಿನಿಕ್ಕಲ್ಲಿ ಆಂಟಿಬಯಾಟಿಕ್ ಕೊಟ್ಟು ನಾಳೆ ಬೆಳಿಗ್ಗೆ ಖಾಲಿ ಹೊಟ್ಟೇಲಿ ಬನ್ನಿ ಎಂಡೋಸ್ಕೋಪಿ ಮಾಡೋಣ ಅಂದಿದ್ದಾರೆ. ಅಸಿಡಿಟಿ ಮಾತ್ರೆ ಒಂದು ವಾರದ ಹಿಂದೆ ಖಾಲಿ ಆಗಿತ್ತು, ಮತ್ತೆ ತಂದಿರ್ಲಿಲ್ಲ. ಇದು ಮಾಮೂಲೀನಾ?

ಕ್ಯಾಥ್‌ಲ್ಯಾಬ್ ಅಕ್ಕ (9.46)

ಎಂಡೋಸ್ಕೋಪಿ ಬೇಡ. ನಾಳೆವರೆಗೂ ಕಾಯೋದು ಬೇಡ. ಈಗಲೇ ಅಬ್ಲೇಷನ್ ಮಾಡಿದ ಆಸ್ಪತ್ರೆಗೆ ಫೋನ್ ಮಾಡಿ ಹೊರಡಿ. ಬಾಯಿಗೆ ಏನೂ ಕೊಡ್ಬೇಡಿ, ಗಂಜೀನೂ ಬೇಡ. ಅಲ್ಲಿ ಹೋದ ತಕ್ಷಣ "ಅಬ್ಲೇಷನ್ ಆಗಿ 19 ದಿನ, ಜ್ವರ, ನುಂಗಿದ್ರೆ ನೋವು" ಈ ಮೂರು ಮಾತು ಹೇಳಿ. ಅಪ್ಪ ಮಾತಾಡ್ತಿದ್ದಾರಾ? ಕೈಕಾಲು ಸರಿ ಇದ್ಯಾ?

ತುಮಕೂರಿನ ಮಗಳು (9.49)

ಮಾತಾಡ್ತಿದ್ದಾರೆ, ಸರಿ ಇದ್ದಾರೆ. ಯಾಕೆ ಅಕ್ಕಾ ಹೆದರಿಕೆ ಆಗ್ತಿದೆ. ಅಣ್ಣ ಕಾರ್ ತೆಗೀತಿದ್ದಾನೆ.

ಕ್ಯಾಥ್‌ಲ್ಯಾಬ್ ಅಕ್ಕ (9.58)

ಹೊರಡಿ, ದಾರೀಲಿ ಓದಿ. ಎಡ ಹೃತ್ಕರ್ಣದ ಬೆನ್ನಿಗೆ ಅಂಟ್ಕೊಂಡಂಗೆ ಅನ್ನನಾಳ ಇರತ್ತೆ, ನಡುವೆ ಇರೋದು ಕೆಲವೇ ಮಿಲಿಮೀಟರ್. ಸುಡುವಾಗ ಬಿಸಿ ಅದಕ್ಕೂ ತಾಗಿ ಹುಣ್ಣಾಗಬಹುದು, ಅಸಿಡಿಟಿ ಮಾತ್ರೆ ನಾಲ್ಕಾರು ವಾರ ಕೊಡೋದು ಅದಕ್ಕೇನೇ. ಸಾವಿರಕ್ಕೆ ಒಬ್ಬರಿಗಿಂತಲೂ ಕಮ್ಮಿ ಜನಕ್ಕೆ ಆ ಹುಣ್ಣು ತೂತಾಗಿ ಅನ್ನನಾಳಕ್ಕೂ ಹೃದಯಕ್ಕೂ ದಾರಿ ಆಗಿಬಿಡತ್ತೆ. ಹೆಚ್ಚಾಗಿ ಎರಡರಿಂದ ನಾಲ್ಕು ವಾರದ ನಡುವೆ, ಎರಡು ತಿಂಗಳವರೆಗೂ ಬಂದಿರೋದುಂಟು. ಎಂಡೋಸ್ಕೋಪಿ ಮಾಡುವಾಗ ಗಾಳಿ ತುಂಬ್ತಾರೆ, ತೂತಿದ್ರೆ ಆ ಗಾಳಿ ಹೃದಯದ ಮೂಲಕ ಮಿದುಳಿಗೆ ಹೋಗತ್ತೆ. ನಾನು ಒಂದು ಕೇಸ್ ನೋಡಿದ್ದೀನಿ, ಬೇರೆ ಊರಲ್ಲಿ ಎಂಡೋಸ್ಕೋಪಿ ಆಗಿ ಟೇಬಲ್ ಮೇಲೇ ಫಿಟ್ಸ್ ಬಂದು ನಮ್ಮಲ್ಲಿಗೆ ಕರ್ಕೊಂಡು ಬಂದ್ರು. ಉಳಿಲಿಲ್ಲ. ಹಾಗಾಗಿ ಮೊದಲು ಕಾಂಟ್ರಾಸ್ಟ್ ಅನ್ನೋ ದ್ರವ ಹಾಕಿ ಎದೆ ಸಿಟಿ ಸ್ಕ್ಯಾನ್. ಅದು ನಾರ್ಮಲ್ ಬಂದ್ರೂ ಜ್ವರ ಮುಂದುವರಿದ್ರೆ ಮತ್ತೆ ಸಿಟಿ ಮಾಡ್ತಾರೆ, ಬೇಡ ಅನ್ಬೇಡಿ.

ನಿಮ್ಮ ಅಪ್ಪಂಗೆ ಅದೇ ಆಗಿದೆ ಅಂತ ನಾನು ಹೇಳ್ತಿಲ್ಲ. ಅದಲ್ಲ ಅಂತ ಖಾತ್ರಿ ಆಗ್ಬೇಕು ಅಷ್ಟೇ.

ಗದಗಿನ ಮೇಷ್ಟ್ರು (10.15)

ತಂಗೆವ್ವ, ಡಿಸ್ಚಾರ್ಜ್ ಕಾಗದ ತಗೊಂಡೀಯೇನು? ಫೋಟೋ ಆದ್ರೂ ಫೋನಿನ್ಯಾಗ ಇಟಕೋ.

ತುಮಕೂರಿನ ಮಗಳು (10.21)

ಹಾಂ ತಗೊಂಡೆ ಸರ್. ಡಾಬಸ್‌ಪೇಟೆ ದಾಟಿದ್ವಿ.

ತುಮಕೂರಿನ ಮಗಳು (ಬುಧವಾರ)

ಎಲ್ರಿಗೂ ಥ್ಯಾಂಕ್ಸ್, ಇವತ್ತು ಸ್ವಲ್ಪ ಉಸಿರಾಡ್ತಿದ್ದೀನಿ. ಅವತ್ತು ರಾತ್ರಿ 12 ಗಂಟೆಗೆ ಸಿಟಿ ಆಯ್ತು. ತೂತಿಲ್ಲ, ಗಾಳಿ ಇಲ್ಲ, ಅನ್ನನಾಳ ಒಂದು ಕಡೆ ಸ್ವಲ್ಪ ಊದಿದೆ ಅಂದ್ರು. ಬಾಯಿಗೆ ಏನೂ ಇಲ್ಲ, ಡ್ರಿಪ್ಪಲ್ಲೇ ಅಸಿಡಿಟಿ ಇಂಜೆಕ್ಷನ್, ಆಂಟಿಬಯಾಟಿಕ್. ಸೋಮವಾರ ಬೆಳಿಗ್ಗೆ ರಕ್ತದ ರಿಪೋರ್ಟ್ ಬಂತು ನೋಡಿ, ಡೆಂಗಿ ಪಾಸಿಟಿವ್! ಜ್ವರ ಅದ್ರದ್ದು. ನಮ್ಮ ಬೀದೀಲಿ ಇನ್ನೂ ಇಬ್ರಿಗಿದೆ. ಪ್ಲೇಟ್‌ಲೆಟ್ ಇವತ್ತು 41 ಸಾವಿರಕ್ಕೆ ಇಳಿದಿದೆ. ರಕ್ತ ತೆಳು ಮಾಡೋ ಮಾತ್ರೆ ಏನ್ ಮಾಡೋದು ಅಂತ ಹಾರ್ಟ್ ಡಾಕ್ಟ್ರು ಜ್ವರದ ಡಾಕ್ಟ್ರು ಇಬ್ರೂ ಹಾಸಿಗೆ ಪಕ್ಕದಲ್ಲೇ ನಿಂತು ಅರ್ಧ ಗಂಟೆ ಮಾತಾಡಿ ಸದ್ಯಕ್ಕೆ ನಿಲ್ಸಿದ್ದಾರೆ. ನಾಳೆ ಮತ್ತೆ ಸಿಟಿ.

ಮನೆಮದ್ದು ಮಂಜಣ್ಣ

ನೋಡಿ, ಬರೀ ಡೆಂಗಿ ಜ್ವರಕ್ಕೆ ಹೃದಯ ತೂತು ಅಂತ ರಾತ್ರೋರಾತ್ರಿ ಬೆಂಗಳೂರಿಗೆ ಓಡಿಸಿದ್ರಿ. ಪಪ್ಪಾಯಿ ಎಲೆ ರಸ ಕುಡಿಸಿದ್ರೆ ಆಗ್ತಿತ್ತು.

ತುಮಕೂರಿನ ಮಗಳು

ಮಂಜಣ್ಣ, ಡೆಂಗಿ ಅಂತ ಗೊತ್ತಾಗದೆ ಮನೇಲೇ ಇದ್ದಿದ್ರೆ 41 ಸಾವಿರ ಪ್ಲೇಟ್‌ಲೆಟ್ ಇಟ್ಕೊಂಡು ದಿನಕ್ಕೆರಡು ಸಲ ಆ ಮಾತ್ರೆ ಕೊಡ್ತಿದ್ದವಳು ನಾನೇ. ಅಪ್ಪಂಗೆ ನಿನ್ನೆಯಿಂದ ಹಲ್ಲುಜ್ಜಿದ್ರೆ ರಕ್ತ ಬರ್ತಿದೆ.

ಪುತ್ತೂರಿನ ಸೊಸೆ

ಮಂಜಣ್ಣನವರೇ ನೀವು ಒಮ್ಮೆ ಸುಮ್ಮನೆ ಕೂತ್ಕೊಳ್ಳಿ ಮಾರಾಯ್ರೆ.

ರಾತ್ರಿಪಾಳಿ

ಅಕ್ಕಾ ಒಂದು ಪ್ರಶ್ನೆ, ಎರಡನೇ ಅಬ್ಲೇಷನ್ ಬೇಕಾಗಬಹುದು ಅಂತ ನನ್ನ ಡಾಕ್ಟರ್ ಹೇಳ್ತಿದ್ದಾರೆ. ಹೃದಯದ ಸುತ್ತ ರಕ್ತ ತುಂಬ್ಕೊಳ್ಳೋದು ಅಂತ ಕೇಳಿದೆ, ಅದೂ ಮನೆಗೆ ಬಂದ್ಮೇಲೆ ಆಗತ್ತಾ?

ಕ್ಯಾಥ್‌ಲ್ಯಾಬ್ ಅಕ್ಕ

ಟ್ಯಾಂಪೊನೇಡ್. ಬಹುತೇಕ ಟೇಬಲ್ ಮೇಲೇ ಅಥವಾ ಅವತ್ತೇ ಆಗತ್ತೆ, ನೂರಕ್ಕೆ ಹೆಚ್ಚುಕಮ್ಮಿ ಒಬ್ಬರಿಗೆ. ಬಿಪಿ ಬೀಳ್ತಿದ್ದಂಗೆ ಎಕೋ ಇಟ್ಟು, ಎದೆಮೂಳೆ ಕೆಳಗಿಂದ ಸೂಜಿ ಹಾಕಿ ರಕ್ತ ತೆಗೀತಾರೆ, ರಕ್ತ ತೆಳು ಮಾಡೋಕೆ ಕೊಟ್ಟಿದ್ದ ಹೆಪಾರಿನ್‌ಗೆ ಪ್ರತಿಮದ್ದು ಕೊಡ್ತಾರೆ, ಹೆಚ್ಚಿನವರಿಗೆ ಅಷ್ಟಕ್ಕೇ ನಿಲ್ಲತ್ತೆ. ಅಪರೂಪಕ್ಕೆ ದಿನ ವಾರ ಕಳೆದೂ ಬರತ್ತೆ, ಆಗ ತಣ್ಣನೆ ಬೆವರು, ಎದ್ದು ನಿಂತ್ರೆ ಕಣ್ಣು ಕತ್ತಲೆ, ಉಸಿರಿಲ್ಲ. ನಿಮಗೆ ಮೊದಲ ಸಲ ಪೆರಿಕಾರ್ಡೈಟಿಸ್ ಆಗಿತ್ತು ಅನ್ನೋದು ಎರಡನೇ ಸಲ ಮಾಡೋರಿಗೆ ಬಾಯಿಬಿಟ್ಟು ಹೇಳಿ. ಬೇರೆ ಡಾಕ್ಟರಾದ್ರೆ ಹಳೇ ಸಮ್ಮರಿ ಓದಿರ್ತಾರೆ ಅಂತ ಅಂದ್ಕೋಬೇಡಿ.

ಗದಗಿನ ಮೇಷ್ಟ್ರು

ನಾವು ಒಂದು ಮಾಡೀವ್ರಿ. ತಮ್ಮನ ಆಧಾರ್ ಕಾರ್ಡಿನ ಕವರಿನ್ಯಾಗ ಒಂದು ಚೀಟಿ ಬರದ ಇಟ್ಟೀವಿ, ಕನ್ನಡದಾಗೂ ಇಂಗ್ಲಿಷಿನ್ಯಾಗೂ: ಅಬ್ಲೇಷನ್ ಆದ ತಾರೀಖು, ಯಾವ ರಕ್ತ ತೆಳು ಮಾತ್ರಿ, ಸ್ಟೆಂಟ್ ಎಲ್ಲಿ ಐತಿ, ಡಾಕ್ಟ್ರ ನಂಬರ್. ಎಲ್ಲಿ ಹೋದ್ರೂ ಆಧಾರ್ ಕೇಳ್ತಾರ, ಚೀಟಿ ತಾನ ಹೊರಗ ಬೀಳ್ತದ.

ಸಾಗರದ ಅಡಿಕೆ

ಚೀಟಿ ಉಪಾಯ ಭಾರೀ ಚೆನ್ನಾಗಿದೆ ಮೇಷ್ಟ್ರೇ, ಇವತ್ತೇ ಬರೀತೀನಿ. ತುಮಕೂರಿನ ತಂಗಿ, ಅಪ್ಪನ ಸುದ್ದಿ ಹಾಕ್ತಾ ಇರು.

ತುಮಕೂರಿನ ಮಗಳು (ಮುಂದಿನ ಮಂಗಳವಾರ)

ಎರಡನೇ ಸಿಟಿನೂ ಕ್ಲಿಯರ್. ಪ್ಲೇಟ್‌ಲೆಟ್ 96 ಸಾವಿರ, ಮಾತ್ರೆ ಮತ್ತೆ ಶುರು. ಅಸಿಡಿಟಿ ಮಾತ್ರೆ ಇನ್ನೂ ಆರು ವಾರ, ಈ ಸಲ ಎರಡು ಸ್ಟ್ರಿಪ್ ಜಾಸ್ತಿ ತಂದಿದ್ದೀನಿ. ಮುದ್ದೆ ಯಾವಾಗ ಅಂತ ಅಪ್ಪ ದಿನಕ್ಕೆ ಹತ್ತು ಸಲ ಕೇಳ್ತಾರೆ.

ಸಾಗರದ ಅಡಿಕೆ

ಬಹಳ ಸಂತೋಷ ಆಯ್ತು. ನಂದೂ ಡಾಪ್ಲರ್ ಮತ್ತೆ ಮಾಡಿಸ್ದೆ, ಚೀಲ ಪೂರ್ತಿ ಮುಚ್ಚಿದೆ. ಅಕ್ಕಾ, ಈಗ ಅಡಿಕೆ ಕೊಯ್ಲು ಶುರು ಆಗಿದೆ, ಸುಲಿಯಕ್ಕೆ ಮೆಟ್ಟುಗತ್ತಿ ಮುಂದೆ ಕೂರ್ಬಹುದಾ? ಏಳು ವಾರ ಆಯ್ತು.

ಕ್ಯಾಥ್‌ಲ್ಯಾಬ್ ಅಕ್ಕ

ಡಾಪ್ಲರ್ ಮಾಡಿದವ್ರನ್ನ ಒಂದು ಮಾತು ಕೇಳಿ. ಅವರು ಹೂಂ ಅಂದ್ರೆ ಸರಿ, ಆದ್ರೆ ಮೊದಲ ವಾರ ಎತ್ತರದ ಮಣೆ ಹಾಕ್ಕೊಳ್ಳಿ. ರಕ್ತ ತೆಳು ಮಾತ್ರೆ ನಡೀತಿದೆ, ಕತ್ತಿ ಹತ್ರ ಬೆರಳು ಹುಷಾರು.

ಸಾಗರದ ಅಡಿಕೆ

ಆಯ್ತು ಅಕ್ಕಾ, ಕೇಳ್ಕೊಂಡೇ ಕೂರ್ತೀನಿ. ಇನ್ನೊಂದು ವಿಷಯ, ಶಿವಮೊಗ್ಗದಿಂದ ತಂದ ಕಮೋಡ್ ಕುರ್ಚಿ ನಮ್ಮನೇಲಿ ಸುಮ್ನೆ ಕೂತಿದೆ, ತೊಳೆದು ಬಿಸಿಲಿಗಿಟ್ಟಿದ್ದೀನಿ. ಸಾಗರ, ಸೊರಬ, ಹೊಸನಗರ ಕಡೆ ಯಾರಾದ್ರೂ ಅಬ್ಲೇಷನ್‌ಗೆ ಹೋಗೋರಿದ್ರೆ ಮೆಸೇಜ್ ಮಾಡಿ, ಬಂದು ತಗೊಂಡೋಗಿ. ದುಡ್ಡು ಬೇಡ, ಕೆಲಸ ಮುಗಿದ್ಮೇಲೆ ವಾಪಸ್ ಕೊಟ್ರೆ ಸಾಕು, ಇನ್ನೊಬ್ರಿಗೆ ಆಗತ್ತೆ.